ವಾಸಕ್ಕೆ ಯೋಗ್ಯ

ಹಳೆಯ ಮನೆಗಳ ತಪಾಸಣೆಗೆ ನಗರಸಭೆಯ ಎಂಜಿನಿಯರ್ ಬರುತ್ತಾರೆಂದು ತಿಳಿದಾಗಿನಿಂದ ವಿಮಲಾಕ್ಷಿಗೆ ಊಟ ಸೇರಿರಲಿಲ್ಲ. ಪಕ್ಕದ ಬೀದಿಯಲ್ಲಿ ಮೂರು ಮನೆಗಳನ್ನು ಒಂದೇ ದಿನದಲ್ಲಿ ಖಾಲಿ ಮಾಡಿಸಿದ್ದರು. ಎರಡು ಪುಟ್ಟ ಮಕ್ಕಳಿರುವ ಒಂಟಿ ಹೆಂಗಸಿಗೆ ಬೇರೆ ಮನೆ ಯಾರು ಕೊಡುತ್ತಾರೆ?

ಎಂಜಿನಿಯರ್ ಬಂದವರೇ ತಲೆಯೆತ್ತಿ ಚಾವಣಿ ನೋಡಿದರು. ಗಾರೆ ಉದುರಿದ ಕಡೆಯಲ್ಲೆಲ್ಲ ತುಕ್ಕು ಹಿಡಿದ ಕಂಬಿ ಕಾಣುತ್ತಿತ್ತು. ಗೋಡೆಯ ಬಿರುಕಿನೊಳಗೆ ಅವರ ಪೆನ್ನು ಅರ್ಧ ಇಳಿಯಿತು.

“ವಾಸಕ್ಕೆ ಯೋಗ್ಯವಲ್ಲ ಅಂತ ಬರೀಬೇಕಾಗುತ್ತಮ್ಮ.”

ಅವಳು ಕೈ ಮುಗಿದಳು. “ದಮ್ಮಯ್ಯ ಅಂತೀನಿ ಸಾರ್, ಹಾಗೆ ಬರೀಬೇಡಿ. ಈ ಮಕ್ಕಳನ್ನ ಕಟ್ಕೊಂಡು ಎಲ್ಲಿಗ್ ಹೋಗ್ಲಿ? ಎಂಟು ವರ್ಷದಿಂದ ಇದ್ದೀವಿ, ಏನೂ ಆಗಿಲ್ಲ.”

ಅವರು ಮಕ್ಕಳ ಮುಖ ನೋಡಿದರು. ಕೊನೆಗೆ ‘ಸುಸ್ಥಿತಿಯಲ್ಲಿದೆ’ ಎಂದು ಬರೆದು ಸಹಿ ಹಾಕಿದರು.

ಹೋದ ಜೀವ ಬಂದಂತಾಗಿ ಅವಳು ಕಣ್ಣೊರೆಸಿಕೊಂಡಳು. ಕುರ್ಚಿ ಎಳೆದು, “ಕೂತ್ಕೊಳಿ ಸಾರ್, ಒಂದ್ ಲೋಟ ಕಾಫಿ ಕುಡ್ಕೊಂಡ್ ಹೋಗಿ” ಎಂದಳು.

ಅವರು ಆಗಲೇ ಹೊಸ್ತಿಲು ದಾಟಿದ್ದರು.

“ಒಳಗೆ ಕೂರಲ್ಲಮ್ಮ. ರಸ್ತೆಯ ಆ ಕಡೆ ನಿಂತಿರ್ತೀನಿ, ಅಲ್ಲಿಗೇ ತಂದ್ಕೊಡಿ.”