ಮುಂದಿನ ಸಾಲಿನ ನಗು

ಮುಂದಿನ ಸಾಲಿನಲ್ಲಿ ಕೂತಿದ್ದ ಮಂತ್ರಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ವೇದಿಕೆಯ ಮೇಲೆ ಟೀವಿ ಚರ್ಚೆಯ ಅಣಕ ನಡೆದಿತ್ತು. ಅವನದೇ ವೇಷ ಹಾಕಿದ ನಟ ಅವನಂತೆಯೇ ಮೇಜು ಗುದ್ದುತ್ತ, ಒಂದು ಪ್ರಶ್ನೆಗೂ ಉತ್ತರ ಕೊಡದೆ ಅರಚುತ್ತಿದ್ದ. ಪ್ರತಿ ಗುದ್ದಿಗೂ ಮಂತ್ರಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಆ ನಗು ಕಂಡಷ್ಟೂ ನಟನಿಗೆ ಮೈ ಉರಿಯುತ್ತಿತ್ತು. ಆಟಕ್ಕೆ ಮುಂಚೆ ಮಂತ್ರಿ ಮೇಕಪ್ ಕೋಣೆಗೇ ಬಂದು ಬೆನ್ನು ತಟ್ಟಿದ್ದ. "ನಿನ್ನಿಂದ ನಾನು ಮನೆಮಾತಾದೆ ಕಣಯ್ಯ. ಈಗ ಮಕ್ಕಳೂ ನನ್ನ ಕಂಡ್ರೆ ಓಡಿ ಬರ್ತಾವೆ. ಬಿಡಬೇಡ, ಚೆನ್ನಾಗಿ ಆಡ್ಕೋ." ಹಾವಿಗೆ ಕಲ್ಲು ಹೊಡೆಯುತ್ತಿದ್ದೇನೆ ಅಂದುಕೊಂಡವನು ಇಷ್ಟು ದಿನ ಅದಕ್ಕೆ ಹಾಲೆರೆದಿದ್ದ.

ನಿರೂಪಕಿಯ ಪಾತ್ರದವಳು ಕೇಳಿದಳು: "ಹೊಸ ಸೇತುವೆ ಯಾಕೆ ಬಿತ್ತು ಸಾರ್?" "ಪಾಪ, ನಿಂತೂ ನಿಂತೂ ಅದಕ್ಕೆ ಕಾಲುನೋವು" ಎಂದು ಅವನು ಹೇಳಬೇಕಿತ್ತು. ಆ ಸೇತುವೆಯಡಿ ಸತ್ತ ಹನ್ನೊಂದು ಜನರಲ್ಲಿ ಅವನನ್ನು ಸಾಕಿ ಬೆಳೆಸಿದ ಸೋದರತ್ತೆಯೂ ಇದ್ದಳು. ಅವನು ಆ ಜೋಕು ಹೇಳದೆ, ಅಂಟಿಸಿದ್ದ ಮೀಸೆ ಕಿತ್ತು ಮೇಜಿನ ಮೇಲಿಟ್ಟ. ಹೋದ ವಾರ ನಿಜವಾದ ಚರ್ಚೆಯಲ್ಲಿ ಮಂತ್ರಿ ಆಡಿದ್ದ ಮಾತನ್ನೇ ತನ್ನ ಸ್ವಂತ ದನಿಯಲ್ಲಿ, ನಿಧಾನವಾಗಿ ಹೇಳಿದ: "ಸತ್ತಿದ್ದು ಹನ್ನೊಂದೇ ಜನ. ಅದಕ್ಕೆ ಇಷ್ಟೊಂದು ಗಲಾಟೆ ಯಾಕ್ರೀ?"

ಮಂತ್ರಿ ಮುಖ ಕೆಂಪಗೆ ಮಾಡಿಕೊಂಡು ಎದ್ದು ನಿಂತ. "ಏನಯ್ಯ ಇದು? ಜನರನ್ನ ನಗಿಸೋನು ಇಂಥದ್ದನ್ನ ಬರೀತಾನಾ?"

"ಇದನ್ನ ನಾನು ಬರೆದಿದ್ದಲ್ಲ ಸಾರ್," ಎಂದ ನಟ.