ಕೈಬಿಟ್ಟ ಪಾತ್ರ

“ಅವನನ್ನ ತೆಗೀಬೇಡ ಹಾಲ್ವರ್. ಬೇಡ್ಕೋತೀನಿ.”

ರಂಗದ ಮೇಲೆ ಬಿಳಿ ಪಟ್ಟಿ ಅಂಟಿಸಿ ಗುರುತಿಸಿದ್ದ ದೋಣಿಯೊಳಗೆ ನಿಂತು ಬೋರ್ಘಿಲ್ಡ್ ಗೋಗರೆಯುತ್ತಿದ್ದಳು. ಮೊದಲ ಪ್ರದರ್ಶನ ಅಂದೇ ಸಂಜೆ. ನಾರ್ವೆಯ ಆ ಮೀನುಗಾರರ ಪಟ್ಟಣವೆಲ್ಲ ಬರುವುದಿತ್ತು. ನಾಟಕಕ್ಕೆ ಮೂಲವಾದ ಕಾದಂಬರಿ ಅವರ ಊರಿನದೇ ಕಥೆ, ಬೋರ್ಘಿಲ್ಡಳ ಇಬ್ಬರು ಮಕ್ಕಳದೇ ಕಥೆ. ಕಿರಿಯವನಾದ ಐಲರ್ಟ್ ಪ್ರಯಾಣಿಕರ ದೋಣಿಯ ರಾತ್ರಿ ಕಾವಲಿನಲ್ಲಿ ನಿದ್ದೆಹೋದ. ದೋಣಿ ಬಂಡೆಗೆ ಬಡಿಯಿತು. ಕೆಲವರ ಜೊತೆ ಅವನೂ ಮುಳುಗಿ ಸತ್ತ. ಹಿರಿಯವನಾದ ಯೋಸ್ಟೈನ್ ಕಗ್ಗತ್ತಲಲ್ಲಿ, ಕೊರೆಯುವ ನೀರಿನಲ್ಲಿ ಈಜಿ ಪ್ರಯಾಣಿಕರ ಮಕ್ಕಳನ್ನು ದಡ ಸೇರಿಸಿದ. ಇಂದಿಗೂ ಊರು ಅವನಿಗೆ ತಲೆಬಾಗುತ್ತದೆ.

ಕಾದಂಬರಿಯನ್ನು ನಾಟಕವಾಗಿಸುವಾಗ ನಿರ್ದೇಶಕ ಹಾಲ್ವರ್ ಐಲರ್ಟ್‌ನನ್ನು ಪೂರ್ತಿ ಕೈಬಿಟ್ಟಿದ್ದ. ದೋಣಿಯನ್ನು ಈಗ ಬಿರುಗಾಳಿ ಒಡೆಯುತ್ತಿತ್ತು. ಒಬ್ಬ ನಟನ ಖರ್ಚು ಉಳಿಯಿತು, ಒಂದು ದೃಶ್ಯದ ಕೆಲಸ ಉಳಿಯಿತು. ಪುಸ್ತಕದಲ್ಲಿ ಅಚ್ಚಾದ ಮನುಷ್ಯನನ್ನು ಅಳಿಸುವ ಮುನ್ನ ಕೈ ನಡುಗಬೇಕು. ಅನುಕೂಲವನ್ನೇ ಕಲೆಯೆಂದು ಕರೆಯುವವರ ಕೈ ನಡುಗುವುದಿಲ್ಲ.

“ಕಾದಂಬರೀಲೂ ಅವನಿಗಿದ್ದದ್ದೇ ಮೂರು ಮಾತು ಅಜ್ಜಿ. ಅದ್ರಲ್ಲಿ ಎರಡು ಆಕಳಿಕೆ,” ಎಂದು ಯೋಸ್ಟೈನ್ ಪಾತ್ರದ ನಟ ನಕ್ಕ.

“ಆಕಳಿಸ್ಲಿ. ಜನ ಉಗೀಲಿ. ಆದ್ರೆ ಇರ್ಲಿ.”

ಹಾಲ್ವರ್‌ನ ಸಹನೆ ಮುಗಿಯಿತು. “ನಿಮ್ಮ ಮನೆ ಕಳಂಕ ತೊಳೆದುಕೊಟ್ಟಿದೀನಿ ಬೋರ್ಘಿಲ್ಡಮ್ಮ. ಬೇರೆಯವ್ರಾಗಿದ್ರೆ ಕೇಕ್ ಮಾಡ್ಕೊಂಡು ಬರ್ತಿದ್ರು. ಯೋಸ್ಟೈನ್‌ಗೇ ಬೇಡವಾದವನು ನಿಮಗ್ಯಾಕೆ?”

“ಯೋಸ್ಟೈನ್ ಹಾಗಂದ್ನಾ?”

“ಇಲ್ಲಿಗೇ ಬಂದು ಕೇಳ್ದ. ‘ತಮ್ಮನನ್ನ ಬಿಟ್ಬಿಡಿ, ನೋಡಿದ್ರೆ ಅಮ್ಮನಿಗೆ ಸಂಕಟ ಆಗುತ್ತೆ’ ಅಂದ. ಎಂಥಾ ಒಳ್ಳೇ ಮಗ!”

ಬೋರ್ಘಿಲ್ಡ್ ಬಿಳಿ ಪಟ್ಟಿಯ ದೋಣಿಯೊಳಗೇ ಕುಳಿತುಬಿಟ್ಟಳು. ನಟ ನೀರು ತಂದ. ಅವಳು ಮುಟ್ಟಲಿಲ್ಲ.

“ಕೆಟ್ಟವನಾಗಿಯಾದ್ರೂ ನನ್ನ ಐಲರ್ಟ್ ಪುಸ್ತಕದಲ್ಲಿದ್ದ. ಅಷ್ಟಾದ್ರೂ ಉಳೀತಲ್ಲ ಅಂತ ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ.”

“ತಪ್ಪು ಮಾಡಿದವನ ಮೇಲೆ ಇಷ್ಟೊಂದು ಮಮತೆಯಾ?” ಎಂದ ಹಾಲ್ವರ್. ಅವನ ದನಿಯಲ್ಲಿ ಈಗ ಕನಿಕರವಿತ್ತು. “ಮಕ್ಕಳನ್ನ ಉಳಿಸಿದವನು ಇನ್ನೂ ಇದಾನಲ್ಲಮ್ಮ. ಅವನ ಮುಖ ನೋಡಿ ಸಮಾಧಾನ ಮಾಡ್ಕೊಳ್ಳಿ.”

“ಬದುಕಿ ಬಂದವನು ಜೈಲಿಗೆ ಹೋಗ್ಬಾರ್ದು ಅಂತ ತಪ್ಪನ್ನ ಸತ್ತವನ ತಲೆಗೆ ಕಟ್ಟಿದ್ದು ನಾನು, ಹಾಲ್ವರ್. ಈಜಿದವನು ಐಲರ್ಟ್. ಕಟ್ಟಕಡೆಗೆ ಅವನು ದಡಕ್ಕೆ ತಂದು ಹಾಕಿದ್ದು, ಕಾವಲಲ್ಲಿ ನಿದ್ದೆಹೋಗಿದ್ದ ಅಣ್ಣನನ್ನ.”