ನೇರಳೆ ಕೊಂಬೆ

ಎಲೆ ಉದುರುವ ಕಾಲಕ್ಕೆ ಜಲಜಮ್ಮನ ಮನೆಯವರೆಲ್ಲ ಹಿತ್ತಲಿನ ಬಾದಾಮಿ ಮರದಡಿ ಚಾಪೆ ಹಾಸಿ ಕಾಫಿ ಕುಡಿಯುವುದು ರೂಢಿ. ಊರಿನ ಎಲ್ಲ ಹಿತ್ತಲ ಮರಗಳಂತೆ ಇದೂ ಮನೆಯಲ್ಲಿ ತೀರಿಕೊಂಡವರು ಕೊನೆಗೆ ಉಟ್ಟ ಬಟ್ಟೆಯ ಬಣ್ಣಕ್ಕೆ ತಿರುಗುತ್ತಿತ್ತು, ಒಬ್ಬೊಬ್ಬರಿಗೆ ಒಂದೊಂದು ಕೊಂಬೆ. ಮಾವನದು ಇಟ್ಟಿಗೆಗೆಂಪು, ನಾದಿನಿಯದು ಅರಿಸಿನ.

ಈ ಸಲ ಮನೆಯಲ್ಲಿ ಯಾರೂ ತೀರಿಕೊಂಡಿರದಿದ್ದರೂ ಹೊಸದೊಂದು ಕೊಂಬೆ ನೇರಳೆಯಾಗಿತ್ತು.

"ಇದ್ಯಾರದೇ?" ಎಂದ ಗಂಡ.

"ನೀರು ಹೆಚ್ಚಾಗಿರಬೇಕು," ಎಂದಳು ಜಲಜಮ್ಮ.

ಅಷ್ಟರಲ್ಲಿ ಬಸುರಿ ಸೊಸೆ ವಿನುತ ಅಂಗಡಿಯಿಂದ ಬಂದು, "ಅತ್ತೆ, ಸೀಮಂತಕ್ಕೆ ತಂದೆ, ಹೇಗಿದೆ?" ಎಂದು ಹೊಸ ಸೀರೆ ಬಿಡಿಸಿದಳು. ಅದೇ ನೇರಳೆ.

ಜಲಜಮ್ಮ ಲೋಟ ಕೆಳಗಿಟ್ಟಳು.

"ಸೀಮಂತಕ್ಕೆ ಹಸಿರು ಉಡಬೇಕು ಅನ್ನೋದೂ ಗೊತ್ತಿಲ್ವೇನೇ ನಿಂಗೆ? ಕೊಡಿಲ್ಲಿ!"

ಸೀರೆ ಕಸಿದುಕೊಂಡು ಒಳಗೆ ಹೋದವಳು ಅದನ್ನೇ ಉಟ್ಟು ಬಂದು, ಉಳಿದ ಕಾಫಿ ಕುಡಿಯುತ್ತಾ ಆ ಕೊಂಬೆಯಡಿ ಕೂತಳು.